ಗೋಡೆಯ ಸಸ್ಪೆನ್ಸ್ ಖಾತೆ

ಪ್ರೀತಿಯ ಮೊಮ್ಮಕ್ಕಳೇ, ಅವರ ಅಜ್ಜ ಅಜ್ಜಿಯರೇ,

ಈ ವಾರ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಕಳೆದ ವರ್ಷ ಆಟಿ ತಿಂಗಳಲ್ಲಿ ನಾನು ಒಬ್ಬ ಡಾಕ್ಟರರ ಎದುರು ಸುಳ್ಳು ಹೇಳಿದೆ. (ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ನಮ್ಮ ಕಡೆಯ ತಿಂಗಳು. ಘಟ್ಟದ ಮೇಲಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ ಎಂದು ಹೇಳಿದೆ.) ನನ್ನ ಮೊಮ್ಮಗಳಿಗೆ ಹದಿನೈದು ದಿನಗಳಿಂದ ಕೆಮ್ಮು. ಹಗಲು ಪರವಾಗಿಲ್ಲ, ರಾತ್ರಿ ಮಲಗಿದ ಕೂಡಲೇ ಶುರು. ಡಾಕ್ಟರರು ಅವಳ ಎದೆ, ಬೆನ್ನು ಎಲ್ಲ ನೋಡಿ, "ಮಲಗುವ ಕೋಣೆಯಲ್ಲಿ ಗೋಡೆ ಒದ್ದೆ ಉಂಟಾ? ಬೂಷ್ಟು ಬಂದಿದೆಯಾ?" ಎಂದು ಕೇಳಿದರು. ನಾನು ತಟ್ಟನೆ "ಇಲ್ಲ ಡಾಕ್ಟ್ರೆ, ಹೊಸ ಮನೆ" ಎಂದುಬಿಟ್ಟೆ.

ಪಕ್ಕದಲ್ಲಿ ಕುಳಿತಿದ್ದ ನಮ್ಮಾಕೆ ನನ್ನ ಮುಖವನ್ನೊಮ್ಮೆ ನೋಡಿದಳು. ಏನೂ ಹೇಳಲಿಲ್ಲ.

ಗೋಡೆಯಲ್ಲಿ ಬೂಷ್ಟು ಇತ್ತು. ಅದರ ಮೇಲೆ ನಾನೇ ಎರಡು ಸಲ ಬಣ್ಣ ಬಳಿದಿದ್ದೆ.

ಸುಳ್ಳು ಯಾಕೆ ಹೇಳಿದೆ ಎಂದು ನೀವು ಕೇಳಬಹುದು. ಮೂವತ್ತೈದು ವರ್ಷಕ್ಕೂ ಹೆಚ್ಚು ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು, ನಿವೃತ್ತಿಯಾದಾಗ ಬಂದ ಹಣವನ್ನೆಲ್ಲ ಸುರಿದು ಕಟ್ಟಿಸಿದ ಮನೆ ಅದು. ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ಸವಣೂರಿಗೆ ಬಂದ ನೆಂಟರೆಲ್ಲ "ಚಂದ ಆಗಿದೆ ಮಾರಾಯ್ರೆ" ಎಂದು ಹೊಗಳಿದ ಮನೆ. ಅಂಥ ಮನೆಯ ಗೋಡೆ ಕೊಳೆಯುತ್ತಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಮರ್ಯಾದೆಯ ಪ್ರಶ್ನೆ ಅಂದುಕೊಂಡೆ. ಮರ್ಯಾದೆ ನನ್ನದು, ಕೆಮ್ಮು ಮಗುವಿನದು.

ನಡೆದದ್ದು ಹೀಗೆ. ಕಳೆದ ವರ್ಷ ಏಪ್ರಿಲ್‌ನಲ್ಲಿ, ಬಿಸು ಕಣಿ ಇಟ್ಟ ಮರುವಾರ, ಮಗ ಮಲಗುವ ಕೋಣೆಗೆ ಎ.ಸಿ. ಹಾಕಿಸಿದ. ಅವನ ಅಮ್ಮನಿಗೆ ಸೆಕೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಅಜ್ಜಿಯ ಜತೆ ಮಲಗುವ ಮೊಮ್ಮಗಳಿಗೂ ಹಬ್ಬವಾಯಿತು. ಮೇ ತಿಂಗಳಲ್ಲಿ ನಾವೆಲ್ಲ ಹದಿನೈದು ದಿನ ಮಗಳ ಮನೆಗೆ ಹೋಗಿ ಬಂದೆವು. ಜೂನ್‌ನಲ್ಲಿ ಮಳೆ ಹಿಡಿಯಿತು. ಮಳೆ ಬಿಟ್ಟ ರಾತ್ರಿಗಳಲ್ಲಿ ನಮ್ಮ ಕಡೆ ಎಂಥ ಸೆಕೆ ಎಂದು ಇಲ್ಲಿಯವರಿಗೆ ಗೊತ್ತು. ಎ.ಸಿ. ಓಡುತ್ತಲೇ ಇತ್ತು.

ಜೂನ್ ಕೊನೆಗೆ ಕೋಣೆಯೊಳಗೆ ಕಾಲಿಟ್ಟರೆ ಏನೋ ಮುಗ್ಗಲು ವಾಸನೆ. ಕಪಾಟಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿದರೆ ಗೋಡೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು. ಮಳೆಗಾಲ ಅಲ್ಲವಾ, ಇದ್ದದ್ದೇ ಎಂದು ಒದ್ದೆ ಬಟ್ಟೆಯಿಂದ ಒರೆಸಿ, ಉಳಿದಿದ್ದ ಡಿಸ್ಟೆಂಪರ್ ಬಳಿದೆ. ಹದಿನೈದು ದಿನ ಬೆಳ್ಳಗಿತ್ತು. ಮತ್ತೆ ಬಂತು, ಈ ಸಲ ಅಂಗೈ ಅಗಲ. ಪೇಟೆಗೆ ಹೋಗಿ ಹೆಚ್ಚು ಬೆಲೆಯ ಪೈಂಟ್ ತಂದು ಬಳಿದೆ. ಅದು ಗುಳ್ಳೆ ಎದ್ದು, ಹಪ್ಪಳದ ಹಾಗೆ ಉಬ್ಬಿ ಉದುರಿತು. ಅಷ್ಟರಲ್ಲಿ ಮಗುವಿಗೆ ಕೆಮ್ಮು.

ಈಗ ನನ್ನ ಬ್ಯಾಂಕಿನ ಒಂದು ಕತೆ ಹೇಳಬೇಕು. ಕಂಪ್ಯೂಟರ್ ಬರುವುದಕ್ಕೆ ಮೊದಲು ಪ್ರತಿ ಸಂಜೆ ನಾವು ಲೆಕ್ಕವನ್ನು ಕೈಯಿಂದಲೇ ಕೂಡಿಸಿ ತಾಳೆ ನೋಡಬೇಕಿತ್ತು. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಎರಡೂ ಸರಿ ಬಂದರೆ ಮನೆಗೆ ಹೋಗಬಹುದು. ಒಂದು ಸಂಜೆ 27 ರೂಪಾಯಿ ವ್ಯತ್ಯಾಸ ಬಂತು. ಕೊನೆಯ ಬಸ್ಸಿನ ಹೊತ್ತು. "ಸಸ್ಪೆನ್ಸ್ ಖಾತೆಗೆ ಹಾಕಿ ಹೋಗುವ, ನಾಳೆ ನೋಡಿದರಾಯಿತು" ಎಂದು ನಾನು ಮೆಲ್ಲಗೆ ಹೇಳಿದೆ. ಮಕ್ಕಳೇ, ಸಸ್ಪೆನ್ಸ್ ಖಾತೆ ಎಂದರೆ ಎಲ್ಲಿಯದು ಎಂದು ಗೊತ್ತಾಗದ ಹಣವನ್ನು ಸದ್ಯಕ್ಕೆ ಇಡುವ ಜಾಗ. ಅಲ್ಲಿ ಹಾಕಿದರೆ ಲೆಕ್ಕ ಸರಿಯಾದ ಹಾಗೆ ಕಾಣುತ್ತದೆ. ಆದರೆ ತಪ್ಪು ಇದ್ದಲ್ಲೇ ಇರುತ್ತದೆ.

ನಮ್ಮ ಹೆಡ್ ಕ್ಲರ್ಕ್ ಒಪ್ಪಲಿಲ್ಲ. "27 ಅನ್ನು 9ರಿಂದ ಭಾಗಿಸಿ ನೋಡು" ಎಂದರು. ಶೇಷ ಉಳಿಯಲಿಲ್ಲ. "ಹಾಗಾದರೆ ಯಾರೋ ಅಂಕೆ ಅದಲುಬದಲು ಬರೆದಿದ್ದಾರೆ, ಹುಡುಕು" ಎಂದರು. ಹುಡುಕಿದೆ. 85 ಬರೆಯಬೇಕಾದಲ್ಲಿ 58 ಎಂದು ಬರೆದಿತ್ತು. ಅಕ್ಷರ ನನ್ನದೇ! (ನೀವೂ ಮಾಡಿ ನೋಡಿ. ಯಾವುದೇ ಎರಡಂಕೆಯ ಸಂಖ್ಯೆಯನ್ನು ತಿರುಗಿಸಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉತ್ತರ 9ರಿಂದ ಭಾಗವಾಗಿಯೇ ಆಗುತ್ತದೆ.) ಆ ದಿನ ಬಸ್ಸು ತಪ್ಪಿತು, ಪಾಠ ಸಿಕ್ಕಿತು.

ಅಂಥ ಪಾಠ ಕಲಿತ ನಾನು ಮನೆಯಲ್ಲಿ ಮಾಡಿದ್ದೇನು? ಗೋಡೆಯ ಮೇಲೆ ಕಂಡ ತಪ್ಪನ್ನು ಬಣ್ಣದ ಡಬ್ಬಿ ಹಿಡಿದು ಸಸ್ಪೆನ್ಸ್ ಖಾತೆಗೆ ಹಾಕಿದೆ. ಅದೂ ಎರಡು ಸಲ.

ತಪ್ಪನ್ನು ಹುಡುಕಿದ್ದು ನಾಲ್ಕನೆಯ ತರಗತಿಯ ಮೊಮ್ಮಗಳು. ಒಂದು ಸಂಜೆ ಜಗಲಿಯಲ್ಲಿ ಕುಳಿತು ಪಕ್ಕದ ಮನೆಯ ಕಡೆ ನೋಡುತ್ತಿದ್ದಳು. ಆಗ ಮಳೆ ಇರಲಿಲ್ಲ.

"ಅಜ್ಜ, ಆಚೆ ಮನೆಯ ಎ.ಸಿ. ಪೈಪಿನಿಂದ ನೀರು ಬೀಳ್ತಾ ಉಂಟು. ನಮ್ಮದರಿಂದ ಯಾಕೆ ಬೀಳುವುದಿಲ್ಲ?"

"ನಮ್ಮದು ಹೊಸತಲ್ವಾ" ಎಂದೆ.

"ಹೊಸತಾದರೆ ನೀರು ಎಲ್ಲಿ ಹೋಗ್ತದೆ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಜಮಾ ಇದೆ, ಖರ್ಚು ಕಾಣುವುದಿಲ್ಲ. ಹಾಗಾದರೆ ಬಾಕಿ ಎಲ್ಲಿ? ಎದ್ದು ಹೋಗಿ ಕಪಾಟಿನ ಸಂದಿಯಲ್ಲಿ ಕೈ ತೂರಿಸಿ ಗೋಡೆ ಮುಟ್ಟಿದೆ. ತಣ್ಣಗೆ, ಒದ್ದೆಯಾದ ಗೋಣಿಚೀಲ ಮುಟ್ಟಿದ ಹಾಗೆ.

ಮೊದಲು ಈ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳುವ. ಮಕ್ಕಳೇ, ಒಂದು ಸ್ಟೀಲ್ ಲೋಟಕ್ಕೆ ಫ್ರಿಜ್ಜಿನ ತಣ್ಣೀರು ಹಾಕಿ ಮೇಜಿನ ಮೇಲಿಡಿ. ಐದು ನಿಮಿಷದಲ್ಲಿ ಲೋಟದ ಹೊರಮೈಯಲ್ಲಿ ಹನಿಗಳು ಕಾಣುತ್ತವೆ. ಲೋಟ ಸೋರಿದ್ದಲ್ಲ. ಗಾಳಿಯಲ್ಲಿ ಕಾಣದಂತೆ ಇದ್ದ ನೀರಾವಿ ತಣ್ಣನೆಯ ಲೋಟಕ್ಕೆ ತಾಗಿ ನೀರಾಯಿತು. ಎ.ಸಿ.ಯೊಳಗೂ ಇದೇ ಆಗುವುದು. ಅದರೊಳಗೆ ತಣ್ಣನೆಯ ಕೊಳವೆಗಳ ಸಾಲಿದೆ. ಕೋಣೆಯ ಗಾಳಿ ಅದರ ಮೇಲೆ ಹಾದುಹೋಗುವಾಗ ನೀರು ಬಿಟ್ಟುಕೊಡುತ್ತದೆ. ಆ ನೀರು ಕೆಳಗಿನ ತಟ್ಟೆಗೆ ಬಿದ್ದು, ಅಲ್ಲಿಂದ ಒಂದು ಸಣ್ಣ ಪೈಪಿನ ಮೂಲಕ ಗೋಡೆ ದಾಟಿ ಹೊರಗೆ ಹೋಗಬೇಕು. ಸಾಮಾನ್ಯವಾಗಿ ಅದಕ್ಕೆ ಪಂಪು ಗಿಂಪು ಇರುವುದಿಲ್ಲ. ಇಳಿಜಾರು ಇದ್ದರೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

ಒಂದು ತಮಾಷೆ ಕೇಳಿ. ಎ.ಸಿ. ಮೊದಲು ಹುಟ್ಟಿದ್ದು ಮನುಷ್ಯರಿಗೆ ತಂಪು ಕೊಡಲಿಕ್ಕಲ್ಲ, ಕಾಗದದ ತೇವ ತೆಗೆಯಲಿಕ್ಕೆ. 1902ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯವಿತ್ತು. ಬೇಸಿಗೆಯ ತೇವಕ್ಕೆ ಅಲ್ಲಿಯ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದವು. ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ತೇವ ತೆಗೆಯುವ ಯಂತ್ರ ರೂಪಿಸಿದರು. ನಿಮ್ಮ ಕೈಯಲ್ಲಿರುವಂಥ ಬಣ್ಣದ ಪುಟಗಳು ಚೆನ್ನಾಗಿ ಬರಲಿ ಎಂದು ಹುಟ್ಟಿದ ಯಂತ್ರ ಅದು. ತೇವ ತೆಗೆಯಬೇಕಾದ ಆ ಯಂತ್ರವೇ ನಮ್ಮ ಮನೆಯಲ್ಲಿ ಗೋಡೆಗೆ ನೀರು ಕುಡಿಸುತ್ತಿತ್ತು.

ಮರುದಿನ ಪುತ್ತೂರಿನಿಂದ ರಿಪೇರಿಯ ಹುಡುಗ ಬಂದ. ಹೊರಗೆ ಏಣಿ ಇಟ್ಟು ಪೈಪಿನ ಬಾಯಿಗೆ ಒಂದು ತಂತಿ ಹಾಕಿ ಎಳೆದ. ಗಟ್ಟಿ ಕೆಂಪು ಮಣ್ಣಿನ ಉಂಡೆ ಹೊರಗೆ ಬಂತು. "ಸರ್, ಕಡಜ ಗೂಡು ಕಟ್ಟಿದೆ" ಎಂದ. ಮಣ್ಣು ತಂದು ಗೂಡು ಕಟ್ಟುವ ಕಡಜಕ್ಕೆ ಬೆರಳು ಗಾತ್ರದ ತೂತು ಕಂಡರೆ ಖುಷಿ. ನಾವು ಮಗಳ ಮನೆಯಲ್ಲಿ ಹಲಸಿನ ಹಣ್ಣು ತಿನ್ನುತ್ತಿದ್ದ ಹದಿನೈದು ದಿನದಲ್ಲಿ ಪೈಪು ಒಣಗಿತ್ತು, ಅದು ಬಂದು ಮನೆ ಮಾಡಿತು. ಜೂನ್‌ನಲ್ಲಿ ನಾವು ಎ.ಸಿ. ಹಾಕಿದಾಗ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಗೋಡೆಯ ತೂತಿನೊಳಗೆ ಪೈಪಿನ ಜಾಯಿಂಟು ಸ್ವಲ್ಪ ಸಡಿಲ ಇತ್ತು. ನೀರು ಅಲ್ಲಿಂದ ಗೋಡೆಗೆ ಇಳಿಯಿತು. ನಮ್ಮದು ಕೆಂಪುಕಲ್ಲಿನ ಗೋಡೆ, ಎಷ್ಟು ಕೊಟ್ಟರೂ ಕುಡಿಯುತ್ತದೆ. ಹೊರಮೈ ಮಳೆಗೆ ಹೇಗೂ ಒದ್ದೆಯಾಗಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಪೈಪು ಸರಿಯಾದ ಮೇಲೆ ಮೊಮ್ಮಗಳು ಅದರ ಕೆಳಗೆ ಬಕೆಟ್ ಇಟ್ಟಳು. ಬೆಳಿಗ್ಗೆ ಲೀಟರ್ ಪಾತ್ರೆಯಲ್ಲಿ ಅಳೆದಳು. ಒಂದು ರಾತ್ರಿಗೆ 9 ಲೀಟರ್! "ಎರಡು ತಿಂಗಳಿಗೆ ಎಷ್ಟು ಅಜ್ಜ?" ಎಂದು ಕೇಳಿದಳು. 60 ರಾತ್ರಿಗೆ 540 ಲೀಟರ್. ಅದೆಲ್ಲ ಗೋಡೆಗೇ ಹೋಯಿತು ಎಂದು ನಾನು ಹೇಳುವುದಿಲ್ಲ. ಹತ್ತರಲ್ಲೊಂದು ಪಾಲು ಹೋಗಿದ್ದರೂ 54 ಲೀಟರ್. ಅಷ್ಟು ನೀರು ಕುಡಿದ ಗೋಡೆಗೆ ನಾನು ಒಂದು ಡಬ್ಬಿ ಬಣ್ಣ ಬಳಿದು ಕುಳಿತಿದ್ದೆ.

ಇನ್ನು ಬೂಷ್ಟಿನ ವಿಷಯ. ಅದರ ಬೀಜದಂಥ ಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇರುತ್ತವೆ, ಈಗ ನೀವು ಓದುತ್ತಿರುವ ಕೋಣೆಯಲ್ಲಿಯೂ. ಅವನ್ನು ಪೂರ್ತಿ ಓಡಿಸಲು ಯಾರಿಂದಲೂ ಆಗದು. ಅವಕ್ಕೆ ಬೇಕಾದ್ದು ಮೂರು: ಸ್ವಲ್ಪ ಬೆಚ್ಚಗಿನ ಹವೆ, ತಿನ್ನಲು ಏನಾದರೂ, ಮತ್ತು ನೀರು. ಬೆಚ್ಚಗಿನ ಹವೆ ನಮ್ಮಲ್ಲಿ ವರ್ಷವಿಡೀ ಇದೆ. ತಿನ್ನಲು ಕಾಗದ, ಮರ, ಬಟ್ಟೆ, ಧೂಳು, ಬಣ್ಣ ಎಲ್ಲವೂ ಆಗುತ್ತದೆ. ನಮ್ಮ ಕೈಯಲ್ಲಿ ಇರುವುದು ನೀರು ಒಂದೇ. ಒದ್ದೆಯಾದದ್ದನ್ನು ಒಂದೆರಡು ದಿನದೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ. ಬಿಟ್ಟರೆ ಹಿಡಿಯುತ್ತದೆ. ಆದ್ದರಿಂದ ಬೂಷ್ಟು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ "ಏನು ಬಳಿಯಲಿ?" ಎಂದಲ್ಲ, "ನೀರು ಎಲ್ಲಿಂದ?" ಎಂದು.

ಬೂಷ್ಟನ್ನು ಬರೀ ಬೈಯುವುದೂ ಸರಿಯಲ್ಲ. 1928ರಲ್ಲಿ ಲಂಡನ್ನಿನ ಅಲೆಗ್ಸಾಂಡರ್ ಫ್ಲೆಮಿಂಗ್ ಅವರ ಪ್ರಯೋಗಶಾಲೆಯ ಒಂದು ತಟ್ಟೆಗೆ ಬಂದು ಕುಳಿತ ಬೂಷ್ಟಿನಿಂದಲೇ ಪೆನಿಸಿಲಿನ್ ಸಿಕ್ಕಿದ್ದು. ಅದು ಲಕ್ಷಾಂತರ ಜೀವ ಉಳಿಸಿತು. ಆದರೆ ಪ್ರಯೋಗಶಾಲೆಯ ತಟ್ಟೆ ಬೇರೆ, ಮಗುವಿನ ತಲೆದಿಂಬಿನ ಪಕ್ಕದ ಗೋಡೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ಪ್ರಕಟಿಸಿತು. ಅಂಥ ಮನೆಗಳಲ್ಲಿ ಇರುವವರಿಗೆ ಕೆಮ್ಮು, ಉಬ್ಬಸ, ಆಸ್ತಮಾದ ತೊಂದರೆ ಹೆಚ್ಚು ಎಂದು ಅದು ಹೇಳುತ್ತದೆ. ಮಕ್ಕಳು, ಮುದುಕರು, ಮೊದಲೇ ಉಬ್ಬಸ ಇರುವವರು ಹೆಚ್ಚು ಜಾಗ್ರತೆಯಾಗಿರಬೇಕು. ಅಂದರೆ ಈ ಪುಟ ಓದುವ ನಾವೆಲ್ಲರೂ.

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎನ್ನುವ ಅಜ್ಜಂದಿರೇ, ಸ್ವಲ್ಪ ನೆನಪು ಮಾಡಿಕೊಳ್ಳಿ. ಇತ್ತು. ಚಪ್ಪಲಿಗೆ, ಬೆಲ್ಟಿಗೆ, ಪೆಟ್ಟಿಗೆಯ ತಳದ ಪುಸ್ತಕಕ್ಕೆ ಬೂಷ್ಟು ಬರುತ್ತಿತ್ತು. ಬ್ಯಾಂಕಿನ ಹಳೆ ಲೆಡ್ಜರುಗಳನ್ನು ಮಳೆಗಾಲದಲ್ಲಿ ಬಿಡಿಸಿದರೆ ಸೀನು ಬರುತ್ತಿತ್ತು. ಆದರೆ ಹೆಂಚಿನ ಮನೆಯಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು, ಒಲೆಯ ಹೊಗೆ ಅಟ್ಟಕ್ಕೆ ಏರಿ ಹಪ್ಪಳ, ಮಾಂಬಳಗಳನ್ನು ಕಾಯುತ್ತಿತ್ತು. ಮಂಗಳೂರಿನ ಬಾಸೆಲ್ ಮಿಶನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಜಿಲ್ಲೆಯ ಮಾಡುಗಳು ಕೆಂಪಾದವು. ಅಂಥ ಮಾಡು ಮಳೆಯನ್ನು ತಡೆದರೂ ಗಾಳಿಯನ್ನು ತಡೆಯುತ್ತಿರಲಿಲ್ಲ. ಈಗ ನಾವು ತಾರಸಿ ಮನೆ ಕಟ್ಟಿ, ಎ.ಸಿ. ತಂಪು ಹೊರಗೆ ಹೋಗಬಾರದು ಎಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೇವೆ. ಒಳಗೆ ಹನಿ ಬಿದ್ದರೆ ಅದು ಆರಿಹೋಗಲು ದಾರಿ ಇಲ್ಲ. ಹಳೆಯ ಮನೆಗೆ ಹಿಂದಿರುಗಬೇಕು ಎಂದು ನಾನು ಹೇಳುವುದಿಲ್ಲ, ಸೆಕೆಯಲ್ಲಿ ನನಗೂ ಎ.ಸಿ. ಬೇಕು. ಹೊಸ ಮನೆಗೆ ಹೊಸ ಜಾಗ್ರತೆ ಬೇಕು, ಅಷ್ಟೆ.

ನೀರು ತಪ್ಪು ದಾರಿ ಹಿಡಿಯುವುದು ಹೆಚ್ಚಾಗಿ ಹೀಗೆ:

ಒಂದು, ಪೈಪು ಕಟ್ಟಿಕೊಳ್ಳುವುದು. ಕಡಜ ಮಾತ್ರವಲ್ಲ, ಧೂಳು ಮತ್ತು ಲೋಳೆ ಸೇರಿ ಒಳಗೆ ಪಾಚಿಯಂತೆ ಗಟ್ಟಿಯಾಗುತ್ತದೆ. ಕೆಲವರು ಪೈಪಿನ ತುದಿಯನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿ ಇಡುತ್ತಾರೆ. ಹಾಗೆ ಮಾಡಿದರೂ ನೀರು ಸರಿಯಾಗಿ ಇಳಿಯುವುದಿಲ್ಲ. ತುದಿ ಯಾವಾಗಲೂ ನೀರಿನಿಂದ ಮೇಲಿರಲಿ.

ಎರಡು, ಇಳಿಜಾರು ತಪ್ಪುವುದು. ಪೈಪು ನಡುವೆ ಎಲ್ಲಾದರೂ ಒಂಟೆಯ ಬೆನ್ನಿನಂತೆ ಮೇಲೆದ್ದರೆ ನೀರು ಅದರ ಹಿಂದೆ ನಿಲ್ಲುತ್ತದೆ. ಹಾಗೆಯೇ ಗೋಡೆಯ ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಬೇಕು. ತಿರುಗುಮುರುಗಾದರೆ ಮಳೆಯ ನೀರೂ ಒಳಗೆ ಬರುತ್ತದೆ. ತೂತಿನ ಸುತ್ತ ಸಂದಿ ಇದ್ದರೆ ಮುಚ್ಚಿಸಿ.

ಮೂರು, ಜಾಲರಿ ಧೂಳು ಹಿಡಿಯುವುದು. ಎ.ಸಿ.ಯ ಮುಂಭಾಗದ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಹಾಯುವುದಿಲ್ಲ, ಒಳಗಿನ ಕೊಳವೆಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಎ.ಸಿ. ಬಂದ್ ಮಾಡಿದಾಗ ಅದು ಒಮ್ಮೆಲೇ ಕರಗಿ ತಟ್ಟೆ ತುಂಬಿ ಚೆಲ್ಲುತ್ತದೆ. ಗ್ಯಾಸ್ ಕಡಿಮೆಯಾದರೂ ಹೀಗಾಗಬಹುದು.

ನಾಲ್ಕು, ತಾಮ್ರದ ಪೈಪಿಗೆ ಸುತ್ತಿದ ಕಪ್ಪು ಸ್ಪಂಜಿನಂಥ ಹೊದಿಕೆ ಹರಿಯುವುದು. ಅಲ್ಲಿ ನಮ್ಮ ಸ್ಟೀಲ್ ಲೋಟದ ಕತೆಯೇ. ತಣ್ಣನೆಯ ಪೈಪು ಬೆವರಿ ಗೋಡೆಗೆ ಹನಿ ಇಳಿಸುತ್ತದೆ.

ಈ ನಾಲ್ಕರಲ್ಲಿ ಯಾವುದಾದರೂ ಕಂಡು ನೀರು ಸ್ವಿಚ್ ಬೋರ್ಡಿನ ಹತ್ತಿರ ಬರುತ್ತಿದ್ದರೆ ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಆ ಕೆಲಸ ದೊಡ್ಡವರದು, ಮಕ್ಕಳು ಮುಟ್ಟಬಾರದು.

ಬೂಷ್ಟು ಬಂದೇ ಬಿಟ್ಟಿದ್ದರೆ? ಮೊದಲು ಸೋರಿಕೆ ನಿಲ್ಲಿಸಿ. ಮತ್ತೆ ಒರೆಸುವ ಕೆಲಸ. ಒಣ ಪೊರಕೆಯಿಂದ ಗುಡಿಸಿದರೆ ಕಣಗಳು ಕೋಣೆ ತುಂಬ ಹಾರುತ್ತವೆ. ಮಗುವನ್ನೂ ಉಬ್ಬಸದವರನ್ನೂ ಬೇರೆ ಕೋಣೆಗೆ ಕಳುಹಿಸಿ, ಕಿಟಕಿ ತೆರೆದು, ಮಾಸ್ಕ್ ಮತ್ತು ಕೈಗವಸು ಹಾಕಿ, ಸಾಬೂನು ಪುಡಿಯ ನೀರಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ. ಮೂರು ಅಡಿಗೆ ಮೂರು ಅಡಿಗಿಂತ ದೊಡ್ಡದಾಗಿದ್ದರೆ, ಅಥವಾ ಗಾರೆ ಮೆತ್ತಗಾಗಿದ್ದರೆ, ತಿಳಿದವರನ್ನೇ ಕರೆಯಿರಿ. ಒಂದು ಮಾತು ಮರೆಯಬೇಡಿ: ಬ್ಲೀಚಿಂಗ್ ಪುಡಿಯ ಜತೆ ಕಕ್ಕಸು ತೊಳೆಯುವ ಆಸಿಡ್ ಯಾವತ್ತೂ ಸೇರಿಸಬಾರದು. ವಿಷಗಾಳಿ ಏಳುತ್ತದೆ. ಎರಡೂ ಹಾಕಿದರೆ ಎರಡರಷ್ಟು ಬಿಳಿಯಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬಣ್ಣ ಕೊನೆಗೆ, ಗೋಡೆ ಪೂರ್ತಿ ಒಣಗಿದ ಮೇಲೆ. ನಮ್ಮ ಗೋಡೆಯ ಕೊಳೆತ ಗಾರೆ ಕೆತ್ತಿ, ಫ್ಯಾನ್ ಬಿಟ್ಟು, ಬಿಸಿಲು ಬಂದ ದಿನ ಕಿಟಕಿ ತೆರೆದು ಇಟ್ಟೆವು. ಒಣಗಲು ತುಳಸಿ ಪೂಜೆಯವರೆಗೆ ಬೇಕಾಯಿತು. ಅಷ್ಟು ದಿನ ಆ ಕೋಣೆಯಲ್ಲಿ ಯಾರೂ ಮಲಗಲಿಲ್ಲ. ಬಂದ ನೆಂಟರಿಗೆ ಕೆತ್ತಿದ ಗೋಡೆ ಕಾಣುತ್ತಿತ್ತು. ಕಾಣಲಿ ಎಂದು ಬಿಟ್ಟೆ.

ತಡೆಯುವ ವಿಷಯಕ್ಕೆ ಬಂದರೆ, ಅಡಕೆ ತೋಟ ಇದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕೊಳೆರೋಗ, ನಮ್ಮ ಕಡೆ ಮಹಾಳಿ ಎನ್ನುವುದು, ಬಂದ ಮೇಲೆ ಔಷಧಿ ಬಿಟ್ಟರೆ ಎಷ್ಟು ಅಡಕೆ ಉಳಿಯುತ್ತದೆ? ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಬಿಡಬೇಕು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮತ್ತೆ ಸುಮಾರು 40-45 ದಿನಕ್ಕೆ ಎರಡನೆಯ ಸಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಕೊಳೆರೋಗ ತರುವ ಜೀವಿಯನ್ನು ಈಗಿನ ವಿಜ್ಞಾನಿಗಳು ನಿಜವಾದ ಬೂಷ್ಟು ಎನ್ನುವುದಿಲ್ಲ, ನೀರಿನ ಬೂಷ್ಟು ಎಂಬ ಬೇರೆ ಗುಂಪಿಗೆ ಸೇರಿಸುತ್ತಾರೆ. ಆದರೆ ಬುದ್ಧಿ ಒಂದೇ: ಬಂದ ಮೇಲೆ ಓಡುವುದಲ್ಲ, ಬರುವ ಮೊದಲು ಏಳುವುದು.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಒಂದು ಕ್ರಮ ಮಾಡಿದ್ದೇವೆ. ತೋಟಕ್ಕೆ ಮೊದಲ ಮದ್ದು ಬಿಡುವ ವಾರವೇ ಎ.ಸಿ.ಗೂ ಸರ್ವಿಸ್. ಎರಡನೆಯ ಮದ್ದಿನ ವಾರ ಮತ್ತೊಮ್ಮೆ ಪೈಪು ನೋಡುವುದು. ಇದರಿಂದ ನೆನಪಿಡುವ ಕಷ್ಟವಿಲ್ಲ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ಮಗನೇ ತೆಗೆದು ತೊಳೆದು, ಒಣಗಿಸಿ ಹಾಕುತ್ತಾನೆ. ಪೈಪಿನ ತುದಿಗೆ ಕಡಜ ನುಗ್ಗದಂತೆ ದೊಡ್ಡ ಕಣ್ಣಿನ ಬಲೆ ಕಟ್ಟಿದ್ದೇವೆ, ಅದನ್ನೂ ಆಗಾಗ ಬಿಚ್ಚಿ ನೋಡುತ್ತೇವೆ. ಎ.ಸಿ. ಬಂದ್ ಮಾಡುವ ಮೊದಲು ಹತ್ತು ಹದಿನೈದು ನಿಮಿಷ ಬರೀ ಫ್ಯಾನಿನಲ್ಲಿ ಓಡಿಸಿದರೆ ಒಳಗಿನ ಒದ್ದೆ ಆರುತ್ತದೆ. ತೀರಾ 18 ಡಿಗ್ರಿಗೆ ಇಡುವ ಅಗತ್ಯವೂ ಇಲ್ಲ. 2020ರಿಂದ ಹೊಸ ಎ.ಸಿ.ಗಳು ಶುರುವಾಗುವಾಗಲೇ 24 ಡಿಗ್ರಿಯಲ್ಲಿರಬೇಕು ಎಂದು ಕೇಂದ್ರ ಸರಕಾರದ ನಿಯಮವೇ ಇದೆ. ಕಪಾಟು, ಮಂಚಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಗಾಳಿ ಆಡಲಿ. ಕೋಣೆಯ ತೇವ ತೋರಿಸುವ ಚಿಕ್ಕ ಮಾಪಕ ಅಂಗಡಿಯಲ್ಲಿ ಸಿಗುತ್ತದೆ. ಅದರ ಮುಳ್ಳು 60ರ ಕೆಳಗೆ ಇದ್ದರೆ ಒಳ್ಳೆಯದು. ಹೊರಗೆ ಜಡಿಮಳೆ ಇರುವಾಗ ಕಿಟಕಿ ತೆರೆದರೆ ತೇವ ಒಳಗೆ ಬರುತ್ತದೆ, ಬಿಸಿಲು ಬಿದ್ದಾಗ ತೆರೆದರೆ ಹೊರಗೆ ಹೋಗುತ್ತದೆ. ಹೊತ್ತು ನೋಡಿ ತೆರೆಯಿರಿ.

ಕಪಾಟು ಎಳೆದ ದಿನದ ಒಂದು ಮಾತು ಬಾಕಿ ಇದೆ. ಕೆಳಗಿನ ಅರೆಯಲ್ಲಿ ನಮ್ಮಾಕೆಯ ಧಾರೆ ಸೀರೆ ಇತ್ತು. ಮಡಿಕೆಯ ಉದ್ದಕ್ಕೂ ಬೂದಿ ಬಣ್ಣದ ಕಲೆ. ತೊಳೆಸಿದೆವು, ಬಿಸಿಲಿಗೆ ಹಾಕಿದೆವು, ಪೂರ್ತಿ ಹೋಗಲಿಲ್ಲ. ಮೊದಲ ಚುಕ್ಕಿ ಕಂಡ ದಿನವೇ ನಾನು ಕಪಾಟನ್ನು ಎಳೆದು ನೋಡಿದ್ದರೆ ಸೀರೆ ಉಳಿಯುತ್ತಿತ್ತು. ಅವಳು ಜಗಳ ಮಾಡಲಿಲ್ಲ. ಸೀರೆಯನ್ನು ಮಡಚಿ ಮೇಲಿನ ಅರೆಯಲ್ಲಿಟ್ಟು, "ಮಗುವಿನ ಎದೆಯಾದರೂ ಉಳಿಯಲಿ, ನಾಳೆ ಡಾಕ್ಟರರಿಗೆ ಸತ್ಯ ಹೇಳಿ ಬನ್ನಿ" ಎಂದಳು.

ಹೋದೆ. "ಅವತ್ತು ಸುಳ್ಳು ಹೇಳಿದ್ದೆ ಡಾಕ್ಟ್ರೆ" ಎಂದೆ. ಅವರು ಬೈಯಲಿಲ್ಲ. "ಹೇಳಿದ್ದು ಒಳ್ಳೆಯದಾಯಿತು, ಇನ್ನು ನನಗೆ ಔಷಧಿ ಕೊಡಲು ಸುಲಭ" ಎಂದರು. ಕೋಣೆ ಬದಲಿಸಿದ ಕೆಲವು ವಾರಗಳಲ್ಲಿ ರಾತ್ರಿಯ ಕೆಮ್ಮು ಕಡಿಮೆಯಾಗುತ್ತ ಬಂತು. ಗೋಡೆಯೊಂದೇ ಕಾರಣ ಎಂದು ಡಾಕ್ಟರರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಗೆ ಮೊದಲ ದಿನವೇ ಸರಿಯಾದ ಉತ್ತರ ಕೊಡಬೇಕಾದ್ದು ನನ್ನ ಕರ್ತವ್ಯವಾಗಿತ್ತು.

ಮಕ್ಕಳೇ, ಈ ವಾರದ ಕೆಲಸ ಇದು. ಒಂದು ಟಾರ್ಚ್, ಒಂದು ನೋಟ್ ಪುಸ್ತಕ, ಜತೆಗೆ ಒಬ್ಬ ಅಜ್ಜ ಅಥವಾ ಅಜ್ಜಿ. ಎ.ಸಿ. ಇದ್ದರೆ ಅದು ಓಡುತ್ತಿರುವಾಗ ಹೊರಗೆ ಹೋಗಿ ಪೈಪಿನಿಂದ ಹನಿ ಬೀಳುತ್ತಿದೆಯೇ ನೋಡಿ. ಒಂದು ಗಂಟೆಯಲ್ಲಿ ಎಷ್ಟು ನೀರು ಎಂದು ಅಳೆದು ತಾರೀಕು ಹಾಕಿ ಬರೆಯಿರಿ. ಮುಂದಿನ ತಿಂಗಳು ಮತ್ತೆ ಅಳೆಯಿರಿ. ಇಂಥದೇ ಹವೆಯಲ್ಲಿ ಏಕಾಏಕಿ ಕಡಿಮೆಯಾಗಿದ್ದರೆ ಬಾಕಿ ಎಲ್ಲಿ ಹೋಯಿತು ಎಂದು ಮನೆಯವರನ್ನು ಕೇಳಿ. ಎ.ಸಿ. ಇಲ್ಲದ ಮನೆಯವರು ಕಪಾಟಿನ ಹಿಂದೆ, ಸಿಂಕಿನ ಕೆಳಗೆ, ಬಚ್ಚಲಿನ ಆಚೆ ಬದಿಯ ಗೋಡೆಗೆ ಟಾರ್ಚ್ ಬಿಡಿ. ಕಪ್ಪು ಚುಕ್ಕಿ ಕಂಡರೆ ಮುಟ್ಟಬೇಡಿ, ಬರೆದುಕೊಂಡು ದೊಡ್ಡವರಿಗೆ ತೋರಿಸಿ.

ಅಜ್ಜ ಅಜ್ಜಿಯರೇ, ಮಕ್ಕಳು ತೋರಿಸಿದಾಗ "ಮಳೆಗಾಲ, ಇದ್ದದ್ದೇ" ಎಂದು ಹೇಳಬೇಡಿ. ನಾನು ಹಾಗೆ ಹೇಳಿ ಎರಡು ಡಬ್ಬಿ ಬಣ್ಣ, ಒಂದು ಸೀರೆ ಕಳೆದುಕೊಂಡವನು.

ನಿಮ್ಮ ಪೈಪಿನ ಲೆಕ್ಕ ಪತ್ರದಲ್ಲಿ ಬರೆದು ಕಳುಹಿಸಿ. ನಮ್ಮದು ಕಳೆದ ವಾರ ಗಂಟೆಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಬಂತು. ಅಳೆದದ್ದು ಮೊಮ್ಮಗಳು, ತಾಳೆ ನೋಡಿ ಸಹಿ ಹಾಕಿದ್ದು ನಾನು.

ಮುಂದಿನ ವಾರ ಸಿಗುವ.